ಸರೋವರ ಉಪ್ಪಾದಷ್ಟೂ ಆರ್ಟೀಮಿಯಾಗೆ ಒಳ್ಳೆಯದಾ?

ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್ ಬತ್ತಿ ಇನ್ನೂ ಉಪ್ಪಾಗುತ್ತಿದೆ, ಹಾಗಾದರೆ ಅಲ್ಲಿ ಆರ್ಟೀಮಿಯಾ (ಉಪ್ಪುನೀರಿನಲ್ಲಿ ಬದುಕುವ, ಸಿಗಡಿಯಂಥ ಪುಟ್ಟ ಜೀವಿ) ಸಾಕುವವರಿಗೆ ಲಾಭವೇ ಅಲ್ವಾ ಅಂತ ಕೇಳಿದ್ದೀರಿ. ಇಲ್ಲ, ನಷ್ಟ.

ನಾನು ಆಂಧ್ರ ಕರಾವಳಿಯ ಒಂದು ಸಿಗಡಿ ಹ್ಯಾಚರಿಯಲ್ಲಿ ಕೆಲಸ ಮಾಡಿದವನು. ಆ ಸರೋವರದ ಆರ್ಟೀಮಿಯಾ ಮೊಟ್ಟೆ ಡಬ್ಬದಲ್ಲಿ ನಮಗೆ ಬರುತ್ತಿತ್ತು. ನೋಡೋಕೆ ಕಾಫಿಪುಡಿ. ಒಂದು ಗ್ರಾಂಗೆ ಎರಡು ಲಕ್ಷಕ್ಕೂ ಜಾಸ್ತಿ ಮೊಟ್ಟೆ. 28 ಡಿಗ್ರಿಯ ಉಪ್ಪುನೀರಿಗೆ ಹಾಕಿ, ಗಾಳಿ ಬಿಟ್ಟು, ಲೈಟ್ ಹಚ್ಚಿಟ್ಟರೆ ಮರುದಿನ ಕಿತ್ತಳೆ ಬಣ್ಣದ ಮರಿಗಳು. ನಮ್ಮ ಸಿಗಡಿ ಮರಿಗಳಿಗೆ ಅದೇ ಊಟ.

ಅಂದ ಹಾಗೆ, ಆ ಸರೋವರದಲ್ಲಿ ಯಾರೂ ಅದನ್ನು ಸಾಕುವುದಿಲ್ಲ. ಚಳಿ ಹತ್ತಿರ ಬಂದಾಗ ಅದು ಗಟ್ಟಿ ಚಿಪ್ಪಿನ ಮೊಟ್ಟೆ ಇಡುತ್ತದೆ, ಮೊಟ್ಟೆ ತೇಲಿ ನೀರಿನ ಮೇಲೆ ಕಂದು ಪಟ್ಟೆಯಾಗುತ್ತದೆ. ಅಕ್ಟೋಬರ್‌ನಿಂದ ವಿಮಾನದಲ್ಲಿ ಪಟ್ಟೆ ಹುಡುಕಿ, ದೋಣಿಯಲ್ಲಿ ಹೋಗಿ ಬಾಚಿಕೊಂಡು ಬರುತ್ತಾರೆ. ಮುಂದಿನ ವರ್ಷಕ್ಕೆ ಬೀಜ ಉಳಿಯಬೇಕಲ್ಲ, ಲೀಟರ್ ನೀರಿಗೆ 21 ಮೊಟ್ಟೆಯ ಹತ್ತಿರ ಇಳಿದರೆ ಸರ್ಕಾರ ಕೆಲಸ ನಿಲ್ಲಿಸುತ್ತದೆ.

ಇನ್ನು ಉಪ್ಪಿನ ವಿಷಯ. ಆರ್ಟೀಮಿಯಾ ಉಪ್ಪಿನ ಆಸೆಗೆ ಅಲ್ಲಿರುವುದಲ್ಲ, ತನ್ನನ್ನು ತಿನ್ನುವ ಮೀನು ಅಲ್ಲಿಗೆ ಬರುವುದಿಲ್ಲ ಅಂತ ಇದೆ. ಮಧ್ಯ ಏಷ್ಯಾದ ಅರಲ್ ಸಮುದ್ರದಲ್ಲೂ ಹೀಗೇ ಆಯಿತು. ಹತ್ತಿ ಬೆಳೆಗೆ ನದಿ ತಿರುಗಿಸಿದರು, ಉಪ್ಪು ಏರಿತು, ಮೀನು ಹೋಯಿತು, 1990ರ ದಶಕದ ಕೊನೆಗೆ ಆರ್ಟೀಮಿಯಾ ತುಂಬಿಕೊಂಡಿತು. ಆದರೆ ಉಪ್ಪು ಏರಿದಷ್ಟೂ ಅದನ್ನು ಮೈಯಿಂದ ಹೊರಹಾಕೋಕೇ ಅದರ ಶಕ್ತಿಯೆಲ್ಲ ಖರ್ಚು. ನೀರಿನಲ್ಲಿ ಆಮ್ಲಜನಕ ಕಡಿಮೆ. ತಿನ್ನುವ ಪಾಚಿಯೂ ಕಡಿಮೆ. ಗ್ರೇಟ್ ಸಾಲ್ಟ್ ಲೇಕ್‌ನಲ್ಲಿ ಅದಕ್ಕೆ ಶೇ. 12ರಿಂದ 16 ಉಪ್ಪು ಹಿತ. ಸಮುದ್ರದಲ್ಲಿ ಇರುವುದು ಶೇ. 3.5, ಲೆಕ್ಕ ಹಾಕಿ. 2022ರಲ್ಲಿ ನೀರು ದಾಖಲೆ ಮಟ್ಟಕ್ಕೆ ಇಳಿದಾಗ ಉಪ್ಪು ಶೇ. 19ರ ಹತ್ತಿರ ಹೋಯಿತು. 1959ರ ರೈಲು ದಾರಿಯ ಕಲ್ಲುದಿಬ್ಬ ಸರೋವರವನ್ನು ಎರಡು ಮಾಡಿದೆ. ಉತ್ತರದ ಪಾಲು ಇನ್ನೂ ಉಪ್ಪು, ನೀರು ಗುಲಾಬಿ ಬಣ್ಣ, ಅಲ್ಲಿ ಆರ್ಟೀಮಿಯಾ ಸಂಸಾರ ಹೂಡುವುದಿಲ್ಲ. ಆ ನೀರು ದಕ್ಷಿಣಕ್ಕೆ ನುಗ್ಗದಿರಲಿ ಅಂತ ದಿಬ್ಬದಲ್ಲಿ ನೀರು ಹರಿಯುವ ಕಿಂಡಿಯ ತಡೆಯನ್ನು ಆಗ ಎತ್ತರಿಸಿದರು. ಮುಂದಿನ ವರ್ಷ ಹಿಮ ಚೆನ್ನಾಗಿ ಬಿದ್ದು ಸರೋವರ ಸ್ವಲ್ಪ ಚೇತರಿಸಿಕೊಂಡಿತು.

ನಿಜವಾಗಿ ಸಾಕುವವರನ್ನು ನೋಡಬೇಕಿದ್ದರೆ ವಿಯೆಟ್ನಾಮಿನ ವಿನ್ ಚೌ ಕಡೆಯ ಉಪ್ಪಿನ ಗದ್ದೆಗಳಿಗೆ ಹೋಗಿ. ಬೇಸಿಗೆಯಲ್ಲಿ ಅಲ್ಲಿನ ಉಪ್ಪಿನ ರೈತರು ಕೊಳದಲ್ಲಿ ಮರಿ ಬಿಟ್ಟು, ಉಪ್ಪು ಶೇ. 8ರ ಆಸುಪಾಸು ಇರುವಂತೆ ನೀರು ಬಿಟ್ಟು ಕಾಯುತ್ತಾರೆ. ಮಳೆ ಹಿಡಿದರೆ ಆ ವರ್ಷದ ಕೆಲಸ ಮುಗಿಯಿತು.

ಮನೆಯ ಅಕ್ವೇರಿಯಂಗೆ ಅಂತ ಕೇಳಿದ್ದರೆ, ಮೊಟ್ಟೆ ಒಡೆಸೋಕೆ ಲೀಟರಿಗೆ 25-30 ಗ್ರಾಂ ಕಲ್ಲುಪ್ಪು ಸಾಕು. ಕೆಲಸಕ್ಕೆ ಸೇರಿದ ಮೊದಲ ವಾರ, ಜಾಸ್ತಿ ಹಾಕಿದರೆ ಬೇಗ ಒಡೆಯುತ್ತದೆ ಅಂದುಕೊಂಡು ನಾನೂ ಹಿಡಿಗಟ್ಟಲೆ ಸುರಿದಿದ್ದೆ. ಬೆಳಿಗ್ಗೆ ನೋಡಿದರೆ ಕಾಫಿಪುಡಿ ಕಾಫಿಪುಡಿಯಾಗೇ ಇತ್ತು.