ಬೆಂಗಳೂರಲ್ಲಿ ಎರಡೇ ದಿನ ಇದ್ದರೆ ಏನು ನೋಡಬೇಕು, ಏನು ಬಿಡಬೇಕು?

ಕಲಬುರಗಿಯಿಂದ ಅಪ್ಪ, ಅಮ್ಮ, ಏಳು ವರ್ಷದ ಮಗಳ ಜೊತೆ ಶನಿವಾರ, ಭಾನುವಾರಕ್ಕೆ ಬರುತ್ತಿದ್ದೀರಿ. ಲಾಲ್‌ಬಾಗ್, ವಿಧಾನಸೌಧ, ಕಬ್ಬನ್ ಪಾರ್ಕ್, ಎರಡು ಅರಮನೆ, ಇಸ್ಕಾನ್, ಬನ್ನೇರುಘಟ್ಟ, ನಂದಿಬೆಟ್ಟ ಅಂತ ಪಟ್ಟಿ ಕೊಟ್ಟು "ಇಷ್ಟೂ ಆಗುತ್ತಾ?" ಅಂತ ಕೇಳಿದ್ದೀರಿ. ಆಗಲ್ಲ. ಹಟ ಹಿಡಿದು ಹೊರಟರೆ ಎರಡು ದಿನವೂ ಸಿಗ್ನಲ್‌ಗಳನ್ನೇ ನೋಡಿಕೊಂಡು ಹೋಗಬೇಕಾಗುತ್ತದೆ.

ಮೊದಲು ಬಿಡುವುದನ್ನು ಬಿಟ್ಟುಬಿಡೋಣ. ನಂದಿಬೆಟ್ಟ ಬೇಡ. ಊರಿಂದ ಸುಮಾರು 60 ಕಿಲೋಮೀಟರ್ ದೂರ. ಒಂದು ಭಾನುವಾರ ಸೂರ್ಯೋದಯ ನೋಡೋಣ ಅಂತ ನಾವೂ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೊರಟಿದ್ದೆವು. ಸೂರ್ಯ ಸರಿಯಾದ ಹೊತ್ತಿಗೇ ಹುಟ್ಟಿದ. ನಾವು ಮಾತ್ರ ಬೆಟ್ಟದ ಬುಡದಲ್ಲಿ ಕಾರುಗಳ ಸಾಲಿನಲ್ಲಿದ್ದೆವು. ನಮ್ಮತ್ತೆ ಹಿಂದಿನ ಸೀಟಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿಯಾಗಿತ್ತು. ಬನ್ನೇರುಘಟ್ಟ ನಿಮ್ಮ ಮಗಳಿಗೆ ಖಂಡಿತ ಇಷ್ಟವಾಗುತ್ತದೆ, ಆದರೆ ಅದಕ್ಕೆ ಒಂದಿಡೀ ದಿನ ಬೇಕು. ಮುಂದಿನ ಸಲ ಇಟ್ಟುಕೊಳ್ಳಿ, ಮಂಗಳವಾರ ಬಿಟ್ಟು. ಆವತ್ತು ಅದಕ್ಕೆ ರಜೆ. ಬೆಂಗಳೂರು ಅರಮನೆಯನ್ನೂ ಹೊಡೆದು ಹಾಕಿ. ಮೈಸೂರು ಅರಮನೆ ನೋಡಿದವರಿಗೆ ಇದು ಸಪ್ಪೆ ಅನ್ನಿಸುತ್ತದೆ. ಇದು ನನ್ನ ಅಭಿಪ್ರಾಯ, ಬೈಯುವವರು ಬೈಯಲಿ.

ಈಗ ಶನಿವಾರ. ಮೆಟ್ರೋದ ಹಸಿರು ಮಾರ್ಗದಲ್ಲಿ ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜ್, ಲಾಲ್‌ಬಾಗ್ ಅಂತ ಮೂರು ಸ್ಟೇಷನ್ ಒಂದಾದ ಮೇಲೊಂದು ಬರುತ್ತವೆ. ಹಳೇ ಬೆಂಗಳೂರು ಬಹುಮಟ್ಟಿಗೆ ಈ ಮೂರು ಸ್ಟೇಷನ್ನಿನ ಆಸುಪಾಸಲ್ಲೇ ಇದೆ. ಒಂದು ದಿನ ಪೂರ್ತಿ ಇಲ್ಲೇ ಕಳೆಯಿರಿ.

ಲಾಲ್‌ಬಾಗಿಗೆ ಬೆಳಗ್ಗೆ ಏಳರ ಒಳಗೆ ಹೋಗಿಬಿಡಿ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ ಇದು, ಈಗ ಸುಮಾರು 240 ಎಕರೆ ಇದೆ. ಎಲ್ಲರೂ ಸೀದಾ ಗಾಜಿನ ಮನೆಗೆ ಓಡುತ್ತಾರೆ. 1889ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ, ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನ ಇಲ್ಲದಾಗ ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ನೀವು ಹೋಗಬೇಕಾದ್ದು ಬಂಡೆಯ ಕಡೆಗೆ. ಮೇಲೆ ಕೆಂಪೇಗೌಡರ ಗೋಪುರ ಇದೆಯಲ್ಲ, ಅದೇ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು ಅಂತ ಭೂವಿಜ್ಞಾನದವರು ಲೆಕ್ಕ ಹಾಕಿದ್ದಾರೆ. ಮಗಳನ್ನು ಅದರ ಮೇಲೆ ಕೂರಿಸಿ, ಕೈಯಿಂದ ಸವರಿ ನೋಡಲು ಹೇಳಿ. ರಾಗಿ ಹಿಟ್ಟಿಗೆ ಅಕ್ಕಿ ಹಿಟ್ಟು ಹಾಕಿ ಅರ್ಧಂಬರ್ಧ ಕಲಸಿದ ಹಾಗೆ ಕಪ್ಪು ಬಿಳಿ ಪಟ್ಟೆಗಳು ಸುತ್ತಿಕೊಂಡಿರುತ್ತವೆ. ಕಲ್ಲು ಒಂದು ಕಾಲದಲ್ಲಿ ಬಿಸಿಗೆ, ಒತ್ತಡಕ್ಕೆ ಮೆತ್ತಗಾಗಿ ನುಲಿದ ಗುರುತು ಅದು. ಏರು ಅಷ್ಟೇನೂ ಕಡಿದಾಗಿಲ್ಲ. ಅಮ್ಮನಿಗೆ ಮಂಡಿ ನೋವಿದ್ದರೆ ಮಾತ್ರ ಕೆಳಗೆ ನೆರಳಲ್ಲೇ ಕೂರಿಸಿ. ಬಿಸಿಲೇರಿದ ಮೇಲೆ ಬಂಡೆ ಹತ್ತಬೇಡಿ, ಕಾಲು ಸುಡುತ್ತದೆ.

ಅಲ್ಲಿಂದ ಆಟೋದಲ್ಲಿ ಬಸವನಗುಡಿಗೆ ಬನ್ನಿ. ತಿಂಡಿಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರ ಹೋಟೆಲು. ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ರಜೆ ದಿನ ಕಾಯಬೇಕಾಗುತ್ತದೆ. ಕಾಯುವ ಮನಸ್ಸಿಲ್ಲದಿದ್ದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋಗಿ ಇಡ್ಲಿ, ವಡೆ ತಿನ್ನಿ. ಅಲ್ಲಿ ಸಾಂಬಾರ್ ಕೇಳಬೇಡಿ, ಕೊಡಲ್ಲ. ಚಟ್ನಿ ಮಾತ್ರ, ಎಷ್ಟು ಬೇಕಾದರೂ ಹಾಕುತ್ತಾರೆ.

ದೊಡ್ಡ ಬಸವಣ್ಣ, ದೊಡ್ಡ ಗಣಪತಿ ಎರಡೂ ಅಲ್ಲೇ ಹತ್ತಿರ. ಮಧ್ಯಾಹ್ನ ಗುಡಿ ಬಾಗಿಲು ಹಾಕುವ ಮೊದಲೇ ಮುಗಿಸಿಕೊಳ್ಳಿ. ಬಸವ ಒಂದೇ ಕಲ್ಲಿನದು, ಸುಮಾರು 15 ಅಡಿ ಎತ್ತರ. ರಾತ್ರಿ ಬಂದು ಹೊಲದ ಕಡಲೆಕಾಯಿ ಮೇಯುತ್ತಿದ್ದ ಅನ್ನುವ ಕಥೆ ಮಗಳಿಗೆ ಹೇಳಿ. ಅದಕ್ಕೇ ರೈತರು ಮೊದಲ ಬೆಳೆ ತಂದು ಅವನಿಗೆ ಅರ್ಪಿಸುತ್ತಿದ್ದರಂತೆ. ಕಾರ್ತಿಕ ಮಾಸದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ ಈಗಲೂ ನಡೆಯುತ್ತದೆ.

ಊಟ ಮಾಡಿ, ಹಿರಿಯರು ಒಂದು ಗಂಟೆ ಮಲಗಲಿ. ಸಂಜೆ ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್ ಹತ್ತಿರದ ಟಿಪ್ಪು ಬೇಸಿಗೆ ಅರಮನೆ. ಹೈದರಾಲಿ ಶುರು ಮಾಡಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ. ತೇಗದ ಕಂಬ, ಕಮಾನು ಬಿಟ್ಟರೆ ಆಡಂಬರ ಏನೂ ಇಲ್ಲ, ಅದೇ ನನಗೆ ಇಷ್ಟ. ಪಕ್ಕದಲ್ಲೇ ಕೋಟೆ ವೆಂಕಟರಮಣ ಗುಡಿ, ಚಿಕ್ಕದೇವರಾಜ ಒಡೆಯರ ಕಾಲದ್ದು. ಇನ್ನು ಕೋಟೆ ಅಂತ ಉಳಿದಿರುವುದು ಒಂದು ಬಾಗಿಲು, ಸ್ವಲ್ಪ ಗೋಡೆ ಅಷ್ಟೇ. ನಿಮ್ಮ ಕಲಬುರಗಿ ಕೋಟೆ ನೋಡಿದ ಅಪ್ಪ ನಕ್ಕರೆ ನನ್ನನ್ನು ಬೈಯಬೇಡಿ.

ಭಾನುವಾರ ನೇರಳೆ ಮಾರ್ಗ. ಆವತ್ತು ಕಬ್ಬನ್ ಪಾರ್ಕ್ ಒಳಗೆ ವಾಹನ ಬಿಡಲ್ಲ, ಮಗು ಓಡಾಡಿಕೊಂಡಿರಬಹುದು. ಪಕ್ಕದ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಿಜ್ಞಾನ ಮ್ಯೂಸಿಯಮ್ಮಿಗೆ ಎರಡು ಮೂರು ಗಂಟೆ ಇಟ್ಟುಕೊಳ್ಳಿ. ಗುಂಡಿ ಒತ್ತಿ, ಚಕ್ರ ತಿರುಗಿಸಿ ನೋಡುವಂಥವು ಬೇಕಾದಷ್ಟಿವೆ. ಅವಳು ಬೇಗ ಹೊರಗೆ ಬರಲ್ಲ.

ವಿಧಾನಸೌಧ ಕೊನೆಗಿರಲಿ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಕಟ್ಟಿಸಿದ್ದು, 1956ರಲ್ಲಿ ಮುಗಿಯಿತು. 2025ರಿಂದ ರಜೆ ದಿನಗಳಲ್ಲಿ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದಾರೆ, ಟಿಕೆಟ್ಟನ್ನು ಆನ್‌ಲೈನಲ್ಲಿ ಮೊದಲೇ ತೆಗೆದುಕೊಳ್ಳಬೇಕು. ಸಿಗದಿದ್ದರೆ ಬೇಜಾರು ಬೇಡ. ಭಾನುವಾರ ಸಂಜೆ ದೀಪ ಹಾಕುತ್ತಾರೆ, ರಸ್ತೆಯ ಈಚೆ ನಿಂತು ನೋಡಿದರೂ ಸಾಕು. "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಬರೆದಿರುವುದನ್ನು ಅಪ್ಪನಿಗೆ ತೋರಿಸಿ. ಸರ್ಕಾರಿ ಕಚೇರಿಗೆ ಅಲೆದವರಾದರೆ ಒಂದು ಮಾತಾದರೂ ಹೇಳದೆ ಇರಲ್ಲ. ಬೆನ್ನ ಹಿಂದಿನ ಕೆಂಪು ಕಟ್ಟಡ ಹೈಕೋರ್ಟು. 1868ರ ಅಠಾರಾ ಕಚೇರಿ, ಅಂದರೆ ಹದಿನೆಂಟು ಇಲಾಖೆಗಳ ಕಚೇರಿ, ಅದೇ.

ಇಸ್ಕಾನ್ ಬಗ್ಗೆ ನಾನು ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಅಮ್ಮನಿಗೆ ಆಸೆ ಇದ್ದರೆ ಹಸಿರು ಮಾರ್ಗದಲ್ಲೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್ನಿಗೆ ಹೋಗಿ ಇಳಿದು ದರ್ಶನ ಮಾಡಿಸಿಕೊಂಡು ಬನ್ನಿ.

ಇನ್ನೊಂದು. ಹಸಿದು ಬಂದ ಹೊಯ್ಸಳ ರಾಜ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಆ ಬೆಂದಕಾಳೂರೇ ಬೆಂಗಳೂರಾಯಿತು ಅನ್ನುವ ಕಥೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಗೂರಿನ ದೇವಸ್ಥಾನದಲ್ಲಿ ಸುಮಾರು 890ರ ವೀರಗಲ್ಲಿನ ಶಾಸನ ಇದೆ, ಅದರಲ್ಲಿ ಬೆಂಗಳೂರು ಅನ್ನುವ ಹೆಸರೇ ಕೆತ್ತಿದೆ. ಕಥೆಯಲ್ಲಿ ಬರುವ ವೀರಬಲ್ಲಾಳ ಅದಕ್ಕಿಂತ ಎಷ್ಟೋ ಕಾಲ ಆಮೇಲಿನವನು. ಬೇಗೂರು ಸ್ವಲ್ಪ ದೂರ, ಈ ಸಲ ಹೋಗಬೇಡಿ. ಸುಮ್ನೆ ವಾದಕ್ಕೆ ಇರಲಿ ಅಂತ ಹೇಳಿದೆ.

ಡಿಸೆಂಬರ್, ಜನವರಿಯಲ್ಲಿ ಬರುವುದಾದರೆ ಹಿರಿಯರಿಗೆ ಸ್ವೆಟರ್ ಮರೆಯಬೇಡಿ. ಕಲಬುರಗಿ ಬಿಸಿಲಿಗೆ ಒಗ್ಗಿದವರಿಗೆ ಲಾಲ್‌ಬಾಗಿನ ಬೆಳಗಿನ ಚಳಿ ಜಾಸ್ತಿಯೇ ಆಗುತ್ತದೆ.