ಅನ್ನ ಬಿಟ್ಟರೂ ಇಳಿಯದ ಶುಗರ್: ಕೊನೆಗೆ ಊಟ ಮಾಡುವವರ ತಟ್ಟೆ

ವಯಸ್ಸು 56. ತುಮಕೂರು ಕಡೆಯ ಕೃಷಿಕ ಕುಟುಂಬದ ಗೃಹಿಣಿ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ. ಮಾತ್ರೆ ಎರಡು: ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ಊಟದ ಸಲಹೆಗೆ ನನ್ನ ಹತ್ತಿರ ಬಂದಾಗ ಖಾಲಿಹೊಟ್ಟೆಯ ಶುಗರ್ 168, ಊಟವಾಗಿ ಎರಡು ಗಂಟೆಗೆ 262, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 9.1. ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ.

ಸೊಸೆ ಜೊತೆಯಲ್ಲಿ ಬಂದಿದ್ದರು. ಆ ಅಮ್ಮ ಕೂತ ತಕ್ಷಣ ಕೇಳಿದ್ದು ಇಷ್ಟು: "ಮೇಡಂ, ಅನ್ನ ಬಿಟ್ಟು ನಾಲ್ಕು ತಿಂಗಳಾಯ್ತು. ಬರೀ ಮುದ್ದೆ ತಿಂತೀನಿ. ಆದ್ರೂ ಇಳೀತಿಲ್ಲ. ಇನ್ನೇನು ಬಿಡ್ಲಿ?" ಬೆಂಗಳೂರಿನಲ್ಲಿರುವ ಮಗ ಒಂದು ವಿಡಿಯೊ ಕಳಿಸಿದ್ದರಂತೆ. ಅನ್ನ ಪೂರ್ತಿ ಬಿಡಬೇಕು ಎಂದು ಅದರಲ್ಲಿತ್ತು. ಬಿಟ್ಟರು. ಆ ಜಾಗಕ್ಕೆ ಇನ್ನೊಂದು ಮುದ್ದೆ ಬಂತು.

ಮುದ್ದೆ ತಿಂದರೆ ಶುಗರ್ ಏರಲ್ಲ ಅನ್ನೋ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿ. ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ಅನುಮಾನವಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಗಿಂತ ನಾರೂ ಜಾಸ್ತಿ. ಆದರೆ ಅದೇ 100 ಗ್ರಾಂನಲ್ಲಿ ಸುಮಾರು 70 ಗ್ರಾಂ ಪಿಷ್ಟ (ಕಾರ್ಬೋಹೈಡ್ರೇಟ್) ಇದೆ. ಅಕ್ಕಿಯಲ್ಲಿ 78ರ ಹತ್ತಿರ. ಎರಡಕ್ಕೂ ಇರುವ ಅಂತರ ಅಷ್ಟೇ. ಸಾಲದ್ದಕ್ಕೆ ಮುದ್ದೆಯ ಹಿಟ್ಟು ನುಣ್ಣಗೆ ಬೀಸಿದ್ದು, ಚೆನ್ನಾಗಿ ಬೆಂದಿದ್ದು. ಅಗಿಯದೆ ನುಂಗುತ್ತೇವೆ. ಸೊಸೆ ಮನೆಯಲ್ಲಿ ತೂಕ ಹಾಕಿ ನೋಡಿ ಫೋನ್ ಮಾಡಿದರು: ಅತ್ತೆಯ ಒಂದು ಮುದ್ದೆಗೆ 90 ಗ್ರಾಂ ಹಿಟ್ಟು. ಅಂದರೆ 60 ಗ್ರಾಂಗೂ ಮೀರಿದ ಪಿಷ್ಟ. ಬೆಂದ ಅನ್ನದ ಲೆಕ್ಕದಲ್ಲಿ 200 ಗ್ರಾಂಗಿಂತ ಜಾಸ್ತಿ. ಇವರು ಒಂದು ಹೊತ್ತಿಗೆ ಎರಡು ಮುದ್ದೆ ತಿನ್ನುತ್ತಿದ್ದರು.

ಯಾಕೆ ಎರಡು? ಹಸಿವಿಗೆ. ಮುದ್ದೆ ಬಿಟ್ಟರೆ ಅವರ ತಟ್ಟೆಯಲ್ಲಿ ಬೇರೇನೂ ಇರಲಿಲ್ಲ. ಈ ಪ್ರಕರಣದ ಮುಖ್ಯ ವಿಷಯ ಇದೇ ಎಂದು ನನಗನಿಸುತ್ತದೆ.

"ಏನು ತಿಂತೀರಿ" ಎಂದು ಕೇಳಿದರೆ ಎಲ್ಲರೂ ಮನೆಯಲ್ಲಿ ಮಾಡಿದ ಅಡುಗೆಯ ಪಟ್ಟಿ ಕೊಡುತ್ತಾರೆ. ಅದಕ್ಕೆ ನಾನು "ಎಲ್ಲರ ಊಟ ಆದ ಮೇಲೆ ಪಾತ್ರೆಯಲ್ಲಿ ಏನು ಉಳಿದಿರುತ್ತೆ ಅಮ್ಮ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಸೊಸೆ ಹೇಳಿದರು: "ಅತ್ತೆ ತಿನ್ನೋದು ಮುದ್ದೆ, ತಿಳಿಸಾರು ಅಷ್ಟೇ. ಪಲ್ಯ ಅಷ್ಟೊತ್ತಿಗೆ ಖಾಲಿ."

ಅವರ ಮನೆಯಲ್ಲಿ ವಾರಕ್ಕೆ ಮೂರ್ನಾಲ್ಕು ದಿನ ಬಸ್ಸಾರು. ಹೆಸರುಕಾಳೋ ಅಲಸಂದೆಯೋ ಸೊಪ್ಪಿನ ಜೊತೆ ಬೇಯುತ್ತೆ. ಬಸಿದ ಕಟ್ಟು ಸಾರಾಗುತ್ತೆ, ಕಾಳು ಸೊಪ್ಪು ಪಲ್ಯವಾಗುತ್ತೆ. ಸಕ್ಕರೆ ಕಾಯಿಲೆಯವರಿಗೆ ಇದಕ್ಕಿಂತ ಒಳ್ಳೆಯ ಊಟ ಹುಡುಕುವುದು ಕಷ್ಟ. ಪ್ರೋಟೀನ್, ನಾರು ಎಲ್ಲ ಆ ಪಲ್ಯದಲ್ಲೇ ಇದೆ. ಅದು ಗಂಡನಿಗೆ, ಮೈದುನನಿಗೆ, ಮೊಮ್ಮಕ್ಕಳಿಗೆ ಹೋಗುತ್ತಿತ್ತು. ಮನೆಯಲ್ಲಿ ಶುಗರ್ ಇರುವ ಒಬ್ಬರೇ ಒಬ್ಬರಿಗೆ ಕಟ್ಟು ಉಳಿಯುತ್ತಿತ್ತು.

ಊಟದ ಮಾತಿಗೆ ಹೋಗುವ ಮೊದಲು ಇನ್ನೊಂದು ವಿಷಯ ಎತ್ತಬೇಕಾಯಿತು. ಸೊಸೆ ಗ್ಲುಕೋಮೀಟರಿನ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಹೆಚ್ಚಿನ ಕಡೆ ಇನ್ನೂರರ ಮೇಲೆ, ನಡುನಡುವೆ 64, 61, 66. ತಾರೀಕು ನೋಡಿದರೆ ಎಲ್ಲವೂ ಸೋಮವಾರ. ಅವತ್ತು ಅವರಿಗೆ ಒಪ್ಪತ್ತು. ರಾತ್ರಿ ಒಂದೇ ಊಟ. ಮಾತ್ರೆ ಮಾತ್ರ ಬೆಳಿಗ್ಗೆಯೇ. "ಮಾತ್ರೆ ತಪ್ಪಿಸಬಾರ್ದು ಅಂತ ಡಾಕ್ಟ್ರು ಹೇಳಿದಾರಲ್ಲ" ಎಂದರು. ಮಧ್ಯಾಹ್ನ ಮೂರರ ಹೊತ್ತಿಗೆ ಕೈನಡುಕ, ಬೆವರು. ಅದನ್ನು ಅವರು ಸುಸ್ತು ಎಂದುಕೊಂಡಿದ್ದರು.

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಶುಗರ್ ಹೀಗೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಊಟ ಇರಲಿ ಬಿಡಲಿ, ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಇಂಥವರಿಗೆ "ಪಿಷ್ಟ ಕಡಿಮೆ ಮಾಡಿ" ಎಂದು ಸುಮ್ನೆ ಹೇಳಿ ಕಳಿಸಿದರೆ ಅಪಾಯ. ಅದಕ್ಕೇ ಮೊದಲು ಅವರ ವೈದ್ಯರ ಜೊತೆ ಮಾತಾಡಿದೆ. ಅವರು ಗ್ಲಿಮೆಪಿರೈಡ್ ಅರ್ಧಕ್ಕೆ ಇಳಿಸಿದರು. ಒಪ್ಪತ್ತಿನ ದಿನ ಯಾವ ಮಾತ್ರೆ ಯಾವಾಗ ಎಂದು ಬರೆದುಕೊಟ್ಟರು. ಇನ್ಸುಲಿನ್ ಹಾಕಿಕೊಳ್ಳುವವರಿಗೂ ಇದೇ ಮಾತು. ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆ ನುಂಗುವವರಂತೂ ವೈದ್ಯರನ್ನು ಕೇಳದೆ ಅನ್ನ ಮುದ್ದೆ ಪೂರ್ತಿ ಬಿಡಬಾರದು, ಉಪವಾಸವೂ ಮಾಡಬಾರದು. ಶುಗರ್ ತೀರಾ ಏರದಿದ್ದರೂ ಅವರ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿಕೊಳ್ಳಬಹುದು.

ಶುಗರ್ 70ಕ್ಕಿಂತ ಕೆಳಗೆ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಏರದಿದ್ದರೆ ಮತ್ತೊಮ್ಮೆ ಕುಡಿಯಿರಿ ಎಂದು ಸೊಸೆಗೆ ಹೇಳಿಕೊಟ್ಟೆ. ಒಪ್ಪತ್ತು ಬಿಡಿ ಎನ್ನಲಿಲ್ಲ. ಅವರೇ ಯೋಚಿಸಿ ಹೇಳಿದರು: "ಸೋಮವಾರ ಹಗಲು ಮುದ್ದೆ ಅನ್ನ ಮುಟ್ಟಲ್ಲ. ಕಾಳಿನ ಉಸ್ಲಿ, ಮಜ್ಜಿಗೆ ತಗೊಂಡ್ರೆ ಆಗುತ್ತಲ್ವಾ?" ಆಗುತ್ತೆ. ಚೆನ್ನಾಗೇ ಆಗುತ್ತೆ.

ಇನ್ನು ಊಟ. ದಿನಕ್ಕೆ 130 ಗ್ರಾಂಗಿಂತ ಕಡಿಮೆ ಪಿಷ್ಟ ಇದ್ದರೆ ಅದನ್ನು ಸಾಮಾನ್ಯವಾಗಿ ಲೋ ಕಾರ್ಬ್ ಎನ್ನುತ್ತಾರೆ. ಇವರದು ದಿನಕ್ಕೆ ಮುನ್ನೂರರ ಹತ್ತಿರ ಹೋಗುತ್ತಿತ್ತು. ನಾನು ಹಿಡಿದ ಗುರಿ ಹೊತ್ತಿಗೆ 40 ಗ್ರಾಂ. ಪಿಷ್ಟವನ್ನು ಬಹುತೇಕ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಕೀಟೊ ಪಥ್ಯ ಇವರಿಗೆ ಹೇಳಲಿಲ್ಲ. ಮೊಟ್ಟೆ ಮಾಂಸ ಇಲ್ಲದ, ಕಾಳನ್ನೇ ನಂಬಿದ ಮನೆಯಲ್ಲಿ ಅದು ಹೆಚ್ಚು ದಿನ ನಡೆಯಲ್ಲ. ಕಾಳೂ ಬಿಡಬೇಕಾಗುತ್ತೆ. ಕಾಳು ಬಿಟ್ಟರೆ ಪ್ರೋಟೀನ್ ಎಲ್ಲಿಂದ?

ಮೊದಲ ಎರಡು ವಾರ ಏನನ್ನೂ ಬಿಡಬೇಡಿ, ಸೇರಿಸಿ ಎಂದೆ. ಪಲ್ಯಕ್ಕೆ ಒಗ್ಗರಣೆ ಹಾಕಿದ ತಕ್ಷಣ, ಯಾರಿಗೂ ಬಡಿಸುವ ಮೊದಲು, ಅತ್ತೆಗೆ ಎಂದು ಒಂದು ದೊಡ್ಡ ಬಟ್ಟಲು ಎತ್ತಿಡಬೇಕು. ಇದು ಸೊಸೆಯ ಕೆಲಸ. ಊಟಕ್ಕೆ ಕೂತಾಗ ಮೊದಲು ಆ ಬಟ್ಟಲು ಖಾಲಿಯಾಗಬೇಕು, ಮುದ್ದೆ ಆಮೇಲೆ. ತರಕಾರಿ, ಪ್ರೋಟೀನ್ ಮೊದಲು ಹೊಟ್ಟೆಗೆ ಹೋದರೆ ಊಟದ ನಂತರದ ಶುಗರ್ ಅಷ್ಟು ಮೇಲೆ ಹಾರಲ್ಲ. ಅದಕ್ಕಿಂತ ದೊಡ್ಡ ಲಾಭ, ಎರಡನೇ ಮುದ್ದೆ ತಾನಾಗಿ ಬೇಡವಾಗುತ್ತೆ. ಹಾಗೇ ಆಯಿತು. ಮೂರನೇ ವಾರದಿಂದ ಒಂದು ಮುದ್ದೆಯನ್ನೂ 40 ಗ್ರಾಂ ಹಿಟ್ಟಿಗೆ ಇಳಿಸಿದೆವು. ಅನ್ನ ಆಸೆಯಾದ ದಿನ ಮುದ್ದೆ ಬಿಟ್ಟು ಒಂದು ಸಣ್ಣ ಬಟ್ಟಲು ಅನ್ನ. ಅನ್ನಕ್ಕೆ ಬಹಿಷ್ಕಾರ ಹಾಕುವ ಅಗತ್ಯ ಇರಲೇ ಇಲ್ಲ.

ಬೆಳಿಗ್ಗೆ ಅವಲಕ್ಕಿ ಇರುತ್ತಿತ್ತು. ಅದರ ಬದಲು ನೆನೆಸಿ ರುಬ್ಬಿದ ಹೆಸರುಕಾಳಿನ ದೋಸೆ ಎರಡು, ಜೊತೆಗೆ ಕಡಲೆಕಾಯಿ ಬೀಜದ ಚಟ್ನಿ. ಕೆಲವು ದಿನ ಮೊಳಕೆ ಹುರುಳಿಕಾಳಿನ ಉಸ್ಲಿ. ಅಕ್ಕಿರೊಟ್ಟಿ ಮಾಡುವ ದಿನ ಹಿಟ್ಟು ಅರ್ಧ, ಸಬ್ಬಸಿಗೆ ಸೊಪ್ಪು ತುರಿದ ಸೋರೆಕಾಯಿ ಅರ್ಧ. ಕಾಳಿನಲ್ಲೂ ಪಿಷ್ಟ ಇದೆ, ಒಣಕಾಳು 100 ಗ್ರಾಂಗೆ 60 ಗ್ರಾಂ ಸುತ್ತಮುತ್ತ. ಅದು ನಿಧಾನಕ್ಕೆ ಜೀರ್ಣವಾಗುತ್ತೆ, ಹೊಟ್ಟೆ ತುಂಬಿಸುತ್ತೆ ಎನ್ನುವುದು ನಿಜ. ಹಾಗಂತ ಅಳತೆಯೇ ಇಲ್ಲದೆ ತಿನ್ನುವಂತಿಲ್ಲ.

ಕಡಲೆಕಾಯಿ ಅವರ ಹೊಲದಲ್ಲೇ ಬೆಳೆಯುತ್ತಾರೆ. 100 ಗ್ರಾಂ ಬೀಜದಲ್ಲಿ 25 ಗ್ರಾಂ ಪ್ರೋಟೀನ್. ಸಂಜೆ ಕಾಫಿ ಜೊತೆ ರಸ್ಕ್ ಬದಲು ಒಂದು ಹಿಡಿ ಸಾಕು. "ಕಾಫಿಗೆ ಸಕ್ಕರೆ ಹಾಕಲ್ಲ, ಬೆಲ್ಲ" ಎಂದಿದ್ದರು. ಬೆಲ್ಲವೂ ರಕ್ತದಲ್ಲಿ ಸಕ್ಕರೆ ಮಾಡುವ ಕೆಲಸವನ್ನೇ ಮಾಡುತ್ತದೆ ಎಂದು ಹೇಳಿದೆ. ಇದು ಅವರಿಗೆ ಬಹಳ ಬೇಸರ ತಂದಿತು. ಎರಡು ಚಮಚದಿಂದ ಅರ್ಧಕ್ಕೆ ಬಂದಿದ್ದಾರೆ. ಮೊಸರು, ಸೋಯಾ ಚಂಕ್ಸ್, ಆಗಾಗ ಪನೀರ್ ಕೂಡ ಸೇರಿಸಿದೆವು. ಪ್ರೋಟೀನ್ ಜಾಸ್ತಿ ಮಾಡುವ ಮೊದಲು ಕ್ರಿಯೇಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿದ್ದರು, ಮೂತ್ರಪಿಂಡ ಚೆನ್ನಾಗಿತ್ತು.

ಮಾತಿನ ನಡುವೆ ಅಂಗಾಲು ಉರಿ, ಜೋಮು ಎಂದಿದ್ದರು. ಶುಗರ್ ಇದ್ದರೆ ಇದು ಇದ್ದದ್ದೇ ಎಂದು ಬಿಟ್ಟುಬಿಡುತ್ತಾರೆ. ಆದರೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು, ಅದರಿಂದಲೂ ಉರಿ, ಜೋಮು ಬರುತ್ತದೆ. ಸಸ್ಯಾಹಾರಿಗಳಿಗೆ ಅದು ಹಾಲು ಮೊಸರಿನಿಂದ ಬಿಟ್ಟರೆ ಬೇರೆ ಕಡೆಯಿಂದ ಸಿಗುವುದೇ ಕಷ್ಟ. ಪರೀಕ್ಷೆಯಲ್ಲಿ ನಿಜಕ್ಕೂ ಕಡಿಮೆ ಬಂತು. ವೈದ್ಯರು ಇಂಜೆಕ್ಷನ್ ಶುರು ಮಾಡಿದರು.

ಊಟವಾದ ಮೇಲೆ 15 ನಿಮಿಷ ಓಡಾಡುವುದಕ್ಕೆ ಅವರು ತಕ್ಷಣ ಒಪ್ಪಿದರು. ಕಷ್ಟವಾಗಿದ್ದು ಬಟ್ಟಲು ಎತ್ತಿಡುವುದು. ಗಂಡಸರು ಕೂರುವ ಮೊದಲೇ ತನಗೆ ಎತ್ತಿಟ್ಟುಕೊಳ್ಳುವುದು ಅವರಿಗೆ ತಪ್ಪು ಮಾಡಿದ ಹಾಗೆ ಅನಿಸುತ್ತಿತ್ತು. ಯಜಮಾನರನ್ನು ಒಮ್ಮೆ ಕರೆಸಿದೆ. ನೋಟ್‌ಬುಕ್ಕು ತೋರಿಸಿದೆ. 61 ಎಂದರೆ ಏನು, 262 ಎಂದರೆ ಏನು ಎಂದು ವಿವರಿಸಿದೆ. ಅವರು ಸಿಟ್ಟಾಗಲಿಲ್ಲ. "ಪಲ್ಯ ಉಳೀತಿರ್ಲಿಲ್ಲ ಅಂತ ನಂಗೆ ಗೊತ್ತೇ ಇರ್ಲಿಲ್ಲಮ್ಮ" ಎಂದರು. ನಿಜವೇ ಇರಬೇಕು. ಈಗ ಬಸ್ಸಾರಿಗೆ ಕಾಳು ಮೊದಲಿಗಿಂತ ಜಾಸ್ತಿ ಬೀಳುತ್ತಿದೆಯಂತೆ.

ಮೂರು ತಿಂಗಳ ನಂತರ ಖಾಲಿಹೊಟ್ಟೆ 124, ಊಟದ ನಂತರ 171, ಎಚ್‌ಬಿಎ1ಸಿ 7.4. ಎಷ್ಟೋ ಜನರಿಗೆ ಇಟ್ಟುಕೊಳ್ಳುವ ಗುರಿ ಖಾಲಿಹೊಟ್ಟೆ 80ರಿಂದ 130, ಊಟದ ನಂತರ 180ರ ಒಳಗೆ, ಎಚ್‌ಬಿಎ1ಸಿ 7ರ ಒಳಗೆ. ಎಚ್‌ಬಿಎ1ಸಿ ಗುರಿಗೆ ಇನ್ನೂ ಸ್ವಲ್ಪ ದೂರ ಇದೆ. ಸೋಮವಾರದ ನಡುಕ ಮತ್ತೆ ಬಂದಿಲ್ಲ. ಕಣ್ಣಿನ ರೆಟಿನಾ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು. ಅದಿನ್ನೂ ಬಾಕಿ, ಚೀಟಿ ಬರೆದುಕೊಟ್ಟಿದ್ದೇನೆ.

ಹೊರಡುವಾಗ ಸೊಸೆಯನ್ನೂ ಕೇಳಿದೆ, ನೀವು ಯಾವಾಗ ಊಟ ಮಾಡ್ತೀರಿ ಎಂದು. ಅತ್ತೆಯ ಜೊತೆಗೇ, ಕೊನೆಗೆ. ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಶುಗರ್ ಬಂದಿತ್ತಂತೆ, ಹೆರಿಗೆಯಾದ ಮೇಲೆ ಹೋಯಿತಂತೆ. ಆಮೇಲೆ ಪರೀಕ್ಷೆ ಮಾಡಿಸಿಲ್ಲ. ಹಾಗೆ ಶುಗರ್ ಬಂದು ಹೋದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ತುಂಬಾ ಜಾಸ್ತಿ. ಒಂದರಿಂದ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಆಗಲೇಬೇಕು. ಮುಂದಿನ ಸಲ ಅತ್ತೆ ಖಾಲಿಹೊಟ್ಟೆಯಲ್ಲಿ ಬರುವಾಗ ಅವರೂ ಹಾಗೇ ಬರಲು ಹೇಳಿದ್ದೇನೆ. ಪಲ್ಯ ಎತ್ತಿಡುವಾಗ ಎರಡು ಬಟ್ಟಲು ಎತ್ತಿಡಿ ಎಂದೂ ಹೇಳಿದ್ದೇನೆ.