ಬೇವಿನ ಮರದ ಕೆಳಗಿನ ಮಳೆನೀರಿನ ದೋಣಿಗೆ ಯಾವ ಮುಚ್ಚಳ ಹಾಕಿಸಬೇಕು?

ಸರ್, ನಿಮ್ಮ ಫೋಟೊ ನೋಡಿದೆ. ಕೊಪ್ಪಳದ ಹೊಸ ಮನೆ, ಆರ್‌ಸಿಸಿ ಇಳಿಜಾರಿನ ಮೇಲೆ ಮಂಗಳೂರು ಹೆಂಚು, ಮುಂಭಾಗಕ್ಕೆ 40 ಅಡಿ ಉದ್ದ, 6 ಇಂಚು ಅಗಲದ ಕಾಫಿ ಬಣ್ಣದ ಅಲ್ಯೂಮಿನಿಯಂ ದೋಣಿ (ಸೂರಿನ ಅಂಚಿನಲ್ಲಿ ಮಳೆನೀರು ಹಿಡಿಯುವ ಗಟರ್), ಮೂಲೆಗೆ ಬೇವಿನ ಮರ. ಎಲೆ ಕಟ್ಟಿಕೊಂಡು ನೀರು ಉಕ್ಕುತ್ತದೆ, ಆದರೆ ಜಾಲರಿ ಹಾಕಿಸಿದರೆ ಮನೆಯ ಎಲಿವೇಶನ್ (ಮುಂಭಾಗದ ನೋಟ) ಕೆಡುತ್ತದೆ ಅನ್ನೋದು ನಿಮ್ಮ ಪ್ರಶ್ನೆ. ಸರಿಯಾಗಿ ಕೂರಿಸಿದರೆ ಮುಚ್ಚಳ ರಸ್ತೆಯಿಂದ ಕಾಣುವುದೇ ಇಲ್ಲ. ಕಾಣುವಂತೆ ಕೂರಿಸುವುದರಿಂದ ತೊಂದರೆ.

ಲೆಕ್ಕ ಇಷ್ಟೇ. ದೋಣಿ ನೆಲದಿಂದ 10 ಅಡಿ ಮೇಲಿದೆ, ನೋಡುವವರ ಕಣ್ಣು 5 ಅಡಿ ಎತ್ತರದಲ್ಲಿ, ಅವರು ನಿಂತಿರುವುದು 30 ಅಡಿ ದೂರ ಅಂದುಕೊಳ್ರಿ. ಆಗ ದೃಷ್ಟಿ ಸುಮಾರು 9 ಡಿಗ್ರಿ ಮೇಲಕ್ಕೆ ಹೋಗುತ್ತದೆ. ಮುಚ್ಚಳ ಹಿಂದಕ್ಕೆ ಏರುವ ಓರೆ ಇದಕ್ಕಿಂತ ಕಡಿಮೆ ಇದ್ದರೆ ದೋಣಿಯ ಮುಂದಿನ ಅಂಚೇ ಅದನ್ನು ಮರೆಮಾಡುತ್ತದೆ. 5 ಡಿಗ್ರಿ ಓರೆ ಸಾಕು, ಅಂದರೆ 6 ಇಂಚು ಅಗಲಕ್ಕೆ ಹಿಂಬದಿ ಅರ್ಧ ಇಂಚು ಎತ್ತರ. ಪೂರ್ತಿ ಮಟ್ಟಸ ಮಾಡಬ್ಯಾಡ್ರಿ, ಎಲೆ ಅಲ್ಲೇ ಕೂತುಬಿಡುತ್ತದೆ. ಓರೆ ಇದ್ದರೆ ಆಷಾಢದ ಗಾಳಿಗೆ ಒಣ ಎಲೆ ತಾನೇ ಹಾರಿಹೋಗುತ್ತದೆ. ಮುಂದಿನ ಅಂಚಿಗಿಂತ ಕೆಳಗೆ ತಗ್ಗಿಸಿ ಕೂರಿಸಿದರೆ ಇನ್ನೂ ಚೆಂದ ಅಂತ ಕೆಲವರು ಹೇಳುತ್ತಾರೆ, ಅದೂ ಬೇಡ. ಆ ತಗ್ಗಿನಲ್ಲೇ ಬೇವಿನ ಕಡ್ಡಿ, ಎಲೆ ಸಾಲಾಗಿ ಸಿಕ್ಕಿಕೊಳ್ಳುತ್ತವೆ. ಅಂಚಿಗೆ ಸಮವಾಗಿರಲಿ.

ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು ಗ್ರೀನ್ ನೆಟ್ (ನೆರಳಿಗೆ ಕಟ್ಟುವ ಹಸಿರು ಬಲೆ) ಹಾಕಿ ಅಂದಿದ್ದಾರೆ, ಇನ್ನೊಬ್ಬರು ಕೋಳಿ ಜಾಲರಿ. ನೆಟ್ ನಮ್ಮ ಬಿಸಿಲಿಗೆ ಜೋತುಬಿದ್ದು ಎಲೆ ಹಿಡಿಯುವ ಜೋಳಿಗೆ ಆಗುತ್ತದೆ. ಕೋಳಿ ಜಾಲರಿಯ ಕತ್ತರಿಸಿದ ತುದಿಗಳು ತುಕ್ಕು ಹಿಡಿದು, ನೀರು ಉಕ್ಕಿದಾಗ ಆ ತುಕ್ಕು ಗೋಡೆಯ ಮೇಲೆ ಗೆರೆಯಾಗಿ ಇಳಿಯುತ್ತದೆ. ದೋಣಿಯ ಮೇಲೆ ಕಮಾನಿನಂತೆ ಬಾಗಿದ ಗಟ್ಟಿ ತಗಡಿನ ಮುಚ್ಚಳವೂ ಸಿಗುತ್ತದೆ. ಅದು ಅಂಚಿನ ಮೇಲೆ ಎದ್ದು ಕಾಣುತ್ತದೆ, ಸೂರಿನ ಗೆರೆಯೇ ದಪ್ಪ ಆದಂತೆ ಅನಿಸುತ್ತದೆ. ಜೋರು ಮಳೆಯಲ್ಲಿ ನೀರು ಅದರ ಮೇಲಿಂದ ನೇರ ಅಂಗಳಕ್ಕೆ ಹಾರುವುದೂ ಉಂಟು.

ಪಿವಿಸಿ ಮುಚ್ಚಳವೂ ಬೇಡ, ಅದಕ್ಕೆ ಬೇರೆ ಕಾರಣ ಇದೆ. ಚಳಿಗಾಲದ ನಸುಕಿಗೂ ಬೇಸಿಗೆಯ ಮಧ್ಯಾಹ್ನಕ್ಕೂ ದೋಣಿಯ ಮೈಶಾಖದಲ್ಲಿ 50 ಡಿಗ್ರಿ ವ್ಯತ್ಯಾಸ ಸುಲಭವಾಗಿ ಬರುತ್ತದೆ. 10 ಅಡಿ ಅಲ್ಯೂಮಿನಿಯಂ ಅಷ್ಟರಲ್ಲಿ ಹಿಗ್ಗುವುದು ಮೂರೂವರೆ ಮಿಲಿಮೀಟರ್, ಪಿವಿಸಿ ಸುಮಾರು 10 ಮಿಲಿಮೀಟರ್. ಎರಡನ್ನೂ ಬಿಗಿದು ಕೂಡಿಸಿದರೆ ಪಿವಿಸಿ ಅಲೆ ಅಲೆಯಾಗಿ ಏಳುತ್ತದೆ, ಆಗ ಓರೆಯ ಲೆಕ್ಕ ಎಲ್ಲಾ ಹೋಯಿತು.

ನಿಮ್ಮ ಮನೆಗೆ 1 ಮಿಲಿಮೀಟರ್ ದಪ್ಪದ, ದುಂಡು ತೂತಿನ ಅಲ್ಯೂಮಿನಿಯಂ ಶೀಟ್ ಸರಿ. ತೂತು 3 ಮಿಮೀ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 5 ಮಿಮೀ, ಸಾಲು ಬಿಟ್ಟು ಸಾಲು ಸರಿಸಿದ್ದು. ಇದರಲ್ಲಿ ಮೂರನೇ ಒಂದು ಭಾಗದಷ್ಟು ಜಾಗ ತೆರೆದಿರುತ್ತದೆ. ಸ್ಟೀಲಿನ ಸಣ್ಣ ಕಣ್ಣಿನ ಜಾಲರಿ ಇದಕ್ಕಿಂತ ಚೆನ್ನಾಗಿ ಎಲೆ ತಡೆಯುತ್ತದೆ ನಿಜ, ಆದರೆ ನಮ್ಮಲ್ಲಿ ಕೆಂಧೂಳು ಇದೆಯಲ್ಲ. ಬೇವಿನ ಹಣ್ಣಿನ ಅಂಟು ಬಿದ್ದು, ಅದರ ಮೇಲೆ ಧೂಳು ಕೂತು, ಮೊದಲ ಹನಿಗೆ ಕೆಸರಾಗಿ ಒಣಗಿದರೆ ಅರ್ಧ ಮಿಮೀ ಕಣ್ಣು ಮುಚ್ಚಿಹೋಗುತ್ತದೆ. ಬಳ್ಳಾರಿ, ಸಂಡೂರು ಕಡೆ ಅದಿರಿನ ಧೂಳು ಇರುವವರಂತೂ ಅದರ ಹತ್ತಿರ ಹೋಗಬ್ಯಾಡ್ರಿ. ಗುಲ್‌ಮೊಹರ್ ಮರ ಇರುವವರಿಗೆ ಮಾತ್ರ ತೂತು 2 ಮಿಮೀ ಬೇಕು, ಅದರ ಸಣ್ಣ ಎಲೆ 3 ಮಿಮೀ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಒಂದು 8×4 ಅಡಿ ಶೀಟ್ ಸಾಕು. ಪಟ್ಟಿ 190 ಮಿಮೀ ಅಗಲ: ದೋಣಿಯ ಮೇಲೆ 150, ಮುಂದೆ ಒಳಗಡೆ ಕೆಳಕ್ಕೆ ಮಡಿಸಲು 15, ಹಿಂದೆ ಮೇಲಕ್ಕೆ ಮಡಿಸಲು 25. ಒಂದು ಶೀಟಿಗೆ 6 ಪಟ್ಟಿ ಬರುತ್ತವೆ. ಐದು ಪಟ್ಟಿಗೆ 40 ಅಡಿ, ಜೋಡಿನಲ್ಲಿ ಒಂದೊಂದು ಇಂಚು ಮೇಲುಹಾಸು ಹೋಗುತ್ತದೆ, ಕಡಿಮೆ ಬಿದ್ದದ್ದು ಆರನೆಯದರಲ್ಲಿ. ಕತ್ತರಿಸಿ, ಬಾಗಿಸಿ ಆದ ಮೇಲೆಯೇ ಪೌಡರ್ ಕೋಟಿಂಗಿಗೆ ಕೊಡ್ರಿ. ಮೊದಲೇ ಕೋಟ್ ಆದ ಶೀಟ್ ಕತ್ತರಿಸಿದರೆ ಅಂಚು ಬಿಳಿ ಗೆರೆಯಾಗಿ ಮಿಂಚುತ್ತದೆ. ಬಣ್ಣ ದೋಣಿಯದ್ದೇ ಕಾಫಿ, ಹೊಳಪಿಲ್ಲದ ಮ್ಯಾಟ್. ಬೂದು, ಬಿಳಿ ಬಣ್ಣದಲ್ಲಿ ಕೆಂಧೂಳು ತಕ್ಷಣ ಎದ್ದು ಕಾಣುತ್ತದೆ.

ಕೂರಿಸುವ ಮುನ್ನ ದೋಣಿ ತೊಳೆದು, ಒಂದು ಬಕೆಟ್ ನೀರು ಸುರಿದು ನೋಡ್ರಿ. ನೀರು ಎಲ್ಲಾದರೂ ನಿಂತರೆ ಬ್ರಾಕೆಟ್ ಸರಿಮಾಡಿಸ್ರಿ, 10 ಅಡಿಗೆ ಕಾಲರಿಂದ ಅರ್ಧ ಇಂಚು ವಾಟ (ನೀರು ಹರಿಯುವ ಇಳಿಜಾರು) ಇರಬೇಕು. ಮುಂದಿನ ಅಂಚಿಗೆ ಒಂದೊಂದು ಅಡಿಗೆ ಅಲ್ಯೂಮಿನಿಯಂ ರಿವೆಟ್, ತಲೆಗೆ ಅದೇ ಬಣ್ಣ. ದೋಣಿ, ಮುಚ್ಚಳ ಎರಡೂ ಅಲ್ಯೂಮಿನಿಯಂ ಆದ್ದರಿಂದ ಅಲ್ಲಿ ಒಟ್ಟಿಗೇ ಹಿಗ್ಗುತ್ತವೆ. ಹಿಂದಿನ ಮಡಿಕೆ ಮಾತ್ರ ಕಾಂಕ್ರೀಟಿಗೆ ತಾಗುತ್ತದೆ. ಅಲ್ಲಿ ದುಂಡು ತೂತು ಬೇಡ, 5×12 ಮಿಮೀ ಉದ್ದ ತೂತು ಮಾಡಿಸಿ, 2 ಅಡಿಗೊಂದು ಸ್ಟೀಲ್ ಸ್ಕ್ರೂ ನೈಲಾನ್ ಪ್ಲಗ್ಗಿನಲ್ಲಿ ಹಾಕಿ, ಅರ್ಧ ಸುತ್ತು ಸಡಿಲ ಬಿಡ್ರಿ. ಹೆಂಚಿನ ಅಡಿಗೆ ತುರುಕಿಸುವ ಮೇಸ್ತ್ರಿಗಳಿದ್ದಾರೆ, ಬಿಡಬ್ಯಾಡ್ರಿ. ಕೆಳಗಿನ ಸಾಲು ಎತ್ತಿಕೊಂಡು ಸೂರಿನ ಗೆರೆ ಡೊಂಕಾಗುತ್ತದೆ, ಇರಚಲು ಒಳಗೆ ಬರುತ್ತದೆ. ಮಡಿಕೆ ಹೆಂಚಿನ ನೆರಳಲ್ಲಿ ಇರಲಿ, ತಾಗಬಾರದು. ಹೆಂಚು ದೋಣಿಯೊಳಗೆ ಎರಡು ಇಂಚಾದರೂ ಚಾಚಿರಬೇಕು.

ನಿಮ್ಮ ಮಾಡಿನ ಮುಂಭಾಗ 40 ಅಡಿ ಉದ್ದ, ಇಳಿಜಾರಿನ ಉದ್ದ 13 ಅಡಿ ಇದ್ದರೆ ಸುಮಾರು 48 ಚದರ ಮೀಟರ್. ಗಂಟೆಗೆ 100 ಮಿಮೀ ವೇಗದ ಮಳೆ ಬಿದ್ದರೆ ನಿಮಿಷಕ್ಕೆ 80 ಲೀಟರ್ ನೀರು ಬರುತ್ತದೆ. ಒಂದೇ ಡೌನ್ ಪೈಪ್ ಇದ್ದರೆ ಇನ್ನೊಂದು ತುದಿಗೂ ಹಾಕಿಸ್ರಿ, ಇಲ್ಲದಿದ್ದರೆ ಎಷ್ಟು ಒಳ್ಳೆ ಮುಚ್ಚಳ ಇದ್ದರೂ ಉಕ್ಕಿ, ದೋಣಿಯ ಮುಖದ ಮೇಲೆ ಕೆಂಪು ಗೆರೆ ಬೀಳುತ್ತವೆ. ನಿಜವಾಗಿ ಮನೆಯ ಅಂದ ಕೆಡಿಸುವುದು ಆ ಗೆರೆಗಳೇ.

ಡೌನ್ ಪೈಪಿನ ಬಾಯಿಯ ಮೇಲಿನ 2 ಅಡಿ ತುಂಡಿಗೆ ರಿವೆಟ್ ಬೇಡ. ಎಂ5 (5 ಮಿಮೀ ಸ್ಕ್ರೂ ಹಿಡಿಯುವ) ರಿವೆಟ್ ನಟ್ ಕೂರಿಸಿ ಸ್ಕ್ರೂ ಹಾಕ್ರಿ, ಬಿಚ್ಚಿ ಕೈ ಹಾಕುವಂತಿರಲಿ. ಕ್ಲಿಪ್ ಬೇಡ, ಆನೆಗೊಂದಿ, ಅಂಜನಾದ್ರಿ ಕಡೆ ಮನೆ ಇರುವವರಿಗೆ ಗೊತ್ತು, ಕೋತಿಗಳು ಕ್ಲಿಪ್ಪಿನ ಮುಚ್ಚಳವನ್ನು ಎತ್ತಿ ಕೆಳಗೆ ಬಿಸಾಕುತ್ತವೆ.

ಮುಚ್ಚಳ ಹಾಕಿದ ಮೇಲೂ ವರ್ಷಕ್ಕೆ ಎರಡು ಸಲ ಮೇಲಿನಿಂದ ಉದ್ದ ಹಿಡಿಯ ಬ್ರಷ್ಷಿನಲ್ಲಿ ಉಜ್ಜಬೇಕು: ಮೇ ಕೊನೆಗೆ ಒಮ್ಮೆ, ಬೇವಿನ ಹಣ್ಣು ಉದುರಿ ಮುಗಿದ ಮೇಲೆ ಆಗಸ್ಟಿನಲ್ಲಿ ಇನ್ನೊಮ್ಮೆ. ಸೆಪ್ಟೆಂಬರಿನಲ್ಲಿ ನಮ್ಮ ಕಡೆ ದೊಡ್ಡ ಮಳೆ, ಅಷ್ಟರೊಳಗೆ ತೂತು ತೆರೆದಿರಬೇಕು. ಮರದಿಂದ ದೂರ ಇರುವ ಹಿಂಭಾಗದ ದೋಣಿಗೆ ಮುಚ್ಚಳಕ್ಕೆ ದುಡ್ಡು ಹಾಕಬ್ಯಾಡ್ರಿ, ಅಲ್ಲಿ ಬರುವುದು ಧೂಳು, ಅದು ಯಾವ ತೂತಿನಲ್ಲೂ ಇಳಿಯುತ್ತದೆ.